ಅತ್ತೆ ಇರುವಾಗಲೇ ಹೋದ ಮೀಸೆ

ಆಗ ನನಗೆ ನಲವತ್ತೆಂಟು. ಅದಾಗಿ ಮೂವತ್ತೈದು ವರ್ಷ ಆಯಿತು. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು ನಾನು; ಆಮೇಲೆ ಓದಿದ್ದು ಬಸ್ಸಿನ ಬೋರ್ಡು ಮತ್ತು ಗೊಬ್ಬರದ ಚೀಲ. ಆದರೂ ಇಷ್ಟು ವರ್ಷದ ಬಾಳುವೆಯಲ್ಲಿ ತಿಳಿದ ಒಂದು ಮಾತನ್ನು ಬರೆದಿಡುತ್ತೇನೆ. ಗಂಡಸಿನ ಮುಖದ ಮೇಲೆ ಬೆಳೆಯುವುದು ಯಾವುದೂ ಅವನದಲ್ಲ. ಗಡ್ಡ ಕ್ಷೌರ ಮಾಡುವವನದು, ಮೀಸೆ ಹೆತ್ತ ತಾಯಿಯದು. ಹೆಂಡತಿಯ ಪಾಲಿಗೆ ಬರುವುದು ಸೋಪಿನ ನೀರು ಚೆಲ್ಲುವ ಕೆಲಸ. ಇದು ಗೊತ್ತಿಲ್ಲದೆ ನಮ್ಮ ಯಜಮಾನರು ತಮ್ಮ ಮುಖವನ್ನು ತಾವೇ ನೋಡಿಕೊಳ್ಳಲು ಹೋದರು. ಆ ಹದಿನೈದು ದಿನ ನಾನು ಪಟ್ಟ ಹಾಳು ಸಂಕಟ ನನ್ನ ಹಗೆಗೂ ಬೇಡ.

ನಮ್ಮದು ಹಾರೂಗೇರಿಯ ಹೊರಗೆ ತೋಟದ ಮನೆ. ಕಬ್ಬು, ಎರಡು ಎಮ್ಮೆ, ಯಜಮಾನರು, ನಾನು. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದರು. ರವಿವಾರಕ್ಕೊಮ್ಮೆ ಹಣಮಂತ ಬಂದು ಬೇವಿನ ಗಿಡದ ಕೆಳಗೆ ಯಜಮಾನರ ಗಡ್ಡ ಮಾಡಿ ಹೋಗುತ್ತಿದ್ದ. ಅವನಪ್ಪ ನಮ್ಮ ಮಾವನ ಗಡ್ಡ ಮಾಡುತ್ತಿದ್ದನಂತೆ. ಸುಗ್ಗಿಯಲ್ಲಿ ಅವನ ಪಾಲಿನ ಜೋಳ ಕೊಟ್ಟುಬಿಟ್ಟರೆ ವರ್ಷವಿಡೀ ನಮ್ಮ ಮನೆಯ ಗಡ್ಡ ಅವನದು, ಲಗ್ನದಲ್ಲಿ ಮದುಮಗನ ಗಡ್ಡ ಅವನದು. ಮನೆಯಲ್ಲಿ ತಂದೆಯೋ ತಾಯಿಯೋ ತೀರಿದರೆ ಗಂಡುಮಕ್ಕಳ ತಲೆ, ಮೀಸೆ ತೆಗೆಯುವುದೂ ಅವನೇ. ಮಾವ ತೀರಿದಾಗ ಯಜಮಾನರ ಮೀಸೆ ತೆಗೆಯುತ್ತ ಹಣಮಂತ ಅವರಿಗಿಂತ ಹೆಚ್ಚು ಅತ್ತಿದ್ದ.

ಅಂಥ ಹಣಮಂತ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ. ತಿರುಗುವ ಕುರ್ಚಿ, ಮುಂದೊಂದು ಹಿಂದೊಂದು ಕನ್ನಡಿ, ರೇಡಿಯೋ. ಒಂದು ರವಿವಾರ ಬಂದು ಕೈಮುಗಿದ. “ಅಣ್ಣಾರ, ಇನ್ನ ಮ್ಯಾಲೆ ಅಂಗಡಿಗೇ ಬರ್ರಿ. ಕುರ್ಚಿ ಮ್ಯಾಲೆ ರಾಜಾನಂಗ ಕುಂಡರಸ್ತೀನಿ.”

“ನಮ್ಮಪ್ಪನ ಗಡ್ಡಕ್ಕ ನಿಮ್ಮಪ್ಪ ಬರತಿದ್ದ. ಈಗ ನನ್ನ ಗಡ್ಡಾ ತಗೊಂಡು ನಾ ನಿನ್ನ ಕಡೆ ಬರಬೇಕೇನಲೇ?” ಅಂದರು ಯಜಮಾನರು.

“ಗಡ್ಡ ನಿಮ್ಮ ಜೋಡಿನ ಇರತೈತಲ್ರಿ. ಬ್ಯಾರೆ ಹೊತಗೊಂಡು ಬರೂದೇನೈತಿ?”

ಮಾತು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತಿಗೆ ಯಜಮಾನರು ಯಾವತ್ತೂ ಒಪ್ಪಿದವರಲ್ಲ. ಮುಂದಿನ ವಾರವೇ ನಿಪ್ಪಾಣಿಗೆ ಹೋದರು. ಅಲ್ಲಿ ಅವರ ಅಕ್ಕನ ಮಗ ತಂಬಾಕಿನ ವಖಾರಿಯಲ್ಲಿ ಕಾರಕೂನ. ದಿನಾ ಮುಂಜಾನೆ ತನ್ನ ಗಡ್ಡ ತಾನೇ ಮಾಡಿಕೊಳ್ಳುತ್ತಿದ್ದ. ಅವನನ್ನು ಕರೆದುಕೊಂಡು ಹೋಗಿ ಪೇಟೆಯಿಂದ ಒಂದು ಡಬ್ಬಿ ತಂದರು. ಅದರೊಳಗೆ ಒಂದು ಹಿಡಿಕೆ, ಎರಡು ಬಿಲ್ಲೆ, ಬ್ಲೇಡಿನ ಪುಡಿಕೆ, ಯಾವುದೋ ಪ್ರಾಣಿಯ ಬಾಲ ಕೊಯ್ದಂಥ ಬ್ರಶ್ಶು. ಬಿಲ್ಲೆಗಳ ನಡುವೆ ಬ್ಲೇಡು ಇಟ್ಟು ಹಿಡಿಕೆ ತಿರುವಿದರೆ ಎಲ್ಲ ಕಚ್ಚಿಕೊಳ್ಳುತ್ತದೆ. “ಇದಕ್ಕ ಸೇಫ್ಟಿ ಮಶಿನ್ ಅಂತಾರ. ಸಣ್ಣ ಕೂಸಿನ ಗಲ್ಲಕ್ಕ ಹಚ್ಚಿದ್ರೂ ಕೊಯ್ಯಂಗಿಲ್ಲಂತ” ಅಂದರು. ಸಣ್ಣ ಕೂಸಿಗೆ ಗಡ್ಡ ಯಾಕೆ ಮಾಡಬೇಕು ಅಂತ ಕೇಳಿದೆ.

ಮರುದಿನದಿಂದ ನನ್ನ ಹಿತ್ತಾಳೆ ಬಟ್ಟಲು ಹೋಯಿತು, ಒಲೆಯ ಮೇಲಿನ ಬಿಸಿನೀರು ಹೋಯಿತು, ಮುಂಜಾನೆಯೂ ಹೋಯಿತು. ಕನ್ನಡಿಯನ್ನು ಬೇವಿನ ಗಿಡಕ್ಕೆ ಮೊಳೆ ಹೊಡೆದು ತೂಗುಹಾಕಿದರು. ಮಜ್ಜಿಗೆ ಕಡೆಯುವಷ್ಟು ಹೊತ್ತು ಸೋಪು ಕಡೆಯುವುದು, ನೊರೆ ಕಿವಿಯವರೆಗೆ ಬಳಿದುಕೊಳ್ಳುವುದು. ಕಬ್ಬಿಗೆ ನೀರು ಹಾಯಿಸಲು ನಮಗೆ ಕರೆಂಟು ಬರುತ್ತಿದ್ದದ್ದೇ ಮುಂಜಾನೆ ನಾಲ್ಕು ತಾಸು. ಅದು ಬಂದು ಹೋಗುವಷ್ಟರಲ್ಲಿ ಇವರದು ಒಂದು ಗಲ್ಲ ಮುಗಿದಿರುತ್ತಿತ್ತು. ಕಬ್ಬು ಒಣಗಿತು, ಗಲ್ಲ ಮಾತ್ರ ಹಸಿಯಾಗಿತ್ತು, ಅದೂ ರಕ್ತದಲ್ಲಿ. ಕೊಯ್ದಲ್ಲೆಲ್ಲ ನಾನು ಅರಿಶಿನ ಒತ್ತುತ್ತಿದ್ದೆ. ಐವತ್ತು ದಾಟಿದ ಮನುಷ್ಯ ಮುಖದ ತುಂಬ ಅರಿಶಿನ ಬಳಿದುಕೊಂಡು ಎಮ್ಮೆ ಹತ್ತಿರ ಹೋದರೆ, ಅದು ಸೋಪಿನ ವಾಸನೆಗೆ ಬೆದರಿ ಹಾಲು ಏರಿಸಿಕೊಳ್ಳುತ್ತಿತ್ತು.

“ಹೋಗಿ ಆ ಕುರ್ಚಿ ಮ್ಯಾಲೆ ಕುಂಡರ್ರಿ. ಯಾರ ನಗತಾರ?” ಅಂದೆ.

“ಕೈ ಕುಂಡರತನಕಾ ಹಿಂಗ ಇರತೈತಿ. ನೀ ಮೊದಲ ರೊಟ್ಟಿ ಬಡಿಯೂಮುಂದ ಹೆಂಗಿತ್ತ? ಇನ್ನೂ ಕುಂತಿಲ್ಲ ನಿನ್ನ ಕೈ.”

ಈ ರೊಟ್ಟಿಯ ಮಾತು ಅವರದಲ್ಲ, ಅವರ ತಾಯಿಯದು. ನನ್ನ ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ಮದುವೆಯಾದ ಮೂವತ್ತು ವರ್ಷದಲ್ಲಿ ಆ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ. ನನಗೆ ಬಾಳವ್ವ ಅಂತ ಒಂದು ಹೆಸರಿದೆ ಅನ್ನುವುದೂ ಅವರಿಗೆ ನೆನಪಿರಲಿಲ್ಲ. ಕರೆಯುತ್ತಿದ್ದದ್ದು “ಏ ಇಕಿ” ಅಂತ. ಮಾವ ತೀರಿದ ಮೇಲೆ, ನನ್ನ ರೊಟ್ಟಿ ದಪ್ಪ, ಹಲ್ಲಿಗೆ ಬರುವುದಿಲ್ಲ ಅಂತ ಹೇಳಿ ಅಲಖನೂರಿನಲ್ಲಿ ಸಣ್ಣ ಮಗನ ಮನೆಗೆ ಹೋಗಿಬಿಟ್ಟಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಉಬ್ಬಸ ಬೇರೆ. ಪ್ರತಿ ಅಮವಾಸ್ಯೆಗೆ ಯಜಮಾನರು ಹೋಗಿ ಮುಖ ತೋರಿಸಿ ಬರಬೇಕು. ಹೋದ ಕೂಡಲೇ ತಾಯಿ ಮಗನ ಮೀಸೆ ಸವರುತ್ತಿದ್ದರು. ಅದು ಗಂಡನ ಮೀಸೆಯಂತೆಯೇ ಇದೆಯಂತೆ. ದಪ್ಪ, ತುದಿಯಲ್ಲಿ ಒಂದು ಸುತ್ತು. “ಈ ಮೀಸಿ ಸಲುವಾಗಿ ಜೀವಾ ಹಿಡದೀನೋ ಅಪ್ಪಾ” ಅನ್ನುತ್ತಿದ್ದರು. “ನಾ ಸತ್ತ ದಿನಾ ಇದನ್ನ ತಗಸ್ತಿ ನೀ. ಅದನ್ನ ನೆನಸಿಕೊಂಡ್ರ ಸಾಯಾಕ ಮನಸ ಬರವಲ್ದು.” ಹಿಂದಿನ ಅಮವಾಸ್ಯೆಗೆ ಉಬ್ಬಸ ಹೆಚ್ಚಾಗಿ ಗೋಡೆಗೆ ಒರಗಿ ಕೂತಿದ್ದರು. ಆಗಲೂ ಕೈ ಮೀಸೆಯ ಮೇಲೇ ಇತ್ತು.

ಈಗ ನಿಮಗೆ ಮುಂದಿನದು ತಿಳಿದಿರಬೇಕು. ಒಂದು ಮುಂಜಾನೆ ಮಶಿನ್ ಜಾರಿ ಎಡಗಡೆಯ ಮೀಸೆಯ ಸುತ್ತು ಹೋಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಎತ್ತಿಗೆ ಒಂದು ಕೋಡು ಮುರಿದಂತೆ ಹೇಗೋ ನಡೆಯುತ್ತಿತ್ತು. ಎಡಕ್ಕೆ ಸರಿಯಾಗಲಿ ಅಂತ ಬಲದ್ದನ್ನು ಎಳೆದರು. ಬಲದ್ದು ಹೆಚ್ಚು ಹೋಯಿತು. ಬಲಕ್ಕೆ ಸರಿಯಾಗಲಿ ಅಂತ ಮತ್ತೆ ಎಡದ್ದು. ಬದು ನೆಟ್ಟಗೆ ಮಾಡಲು ಹೋಗಿ ಹೊಲವನ್ನೇ ಕಳೆದುಕೊಂಡವರ ಹಾಗೆ, ನಾನು ಸಗಣಿ ಬಳಿದು ಬರುವಷ್ಟರಲ್ಲಿ ಮೂಗಿನ ಕೆಳಗೆ ಎರಡು ನೊಣ ಕೂತಷ್ಟು ಉಳಿದಿತ್ತು. ಅದನ್ನು ನೋಡಿ ನಾನೇ ಅಂದೆ, “ಅದನ್ನರ ಯಾಕ ಇಟಗೊಂಡ್ರಿ? ತಗೀರಿ ಅತ್ಲಾಗ.” ತೆಗೆದರು.

ತೆಗೆದ ಮೇಲೆ ಇಬ್ಬರಿಗೂ ಬುದ್ಧಿ ಬಂತು. ಹೆತ್ತ ತಾಯಿ ಬದುಕಿದ್ದಾಳೆ, ಮಗ ಮೀಸೆ ಬೋಳಿಸಿಕೊಂಡು ನಿಂತಿದ್ದಾನೆ. ಅಮವಾಸ್ಯೆಗೆ ಇನ್ನು ನಾಲ್ಕೇ ದಿನ. ಯಜಮಾನರು ಕನ್ನಡಿಯನ್ನು ತಿರುವಿ ಗಿಡದ ಕಡೆ ಮುಖ ಮಾಡಿಟ್ಟರು. “ಅವ್ವ ನೋಡಿದ್ರ ಎದಿ ಒಡಕೋತಾಳ” ಅಂದರು. ನಾನೂ ಹೆದರಿದೆ. ಅತ್ತೆಯ ಮೇಲಿನ ಪ್ರೀತಿಗಲ್ಲ, ಸುಳ್ಳು ಯಾಕೆ ಹೇಳಲಿ. ಆ ಮುದುಕಿ ಸತ್ತರೆ ಊರೆಲ್ಲ ಸೊಸೆಯೇ ಕೊಂದಳು ಅನ್ನುತ್ತದೆ. ಮೀಸೆ ಬೆಳೆಯುವ ತನಕ ಮನೆ ಬಿಟ್ಟು ಹೊರಬೀಳಬೇಡಿ, ಅಮವಾಸ್ಯೆಗೆ ಜ್ವರ ಬಂದಿದೆ ಅಂತ ಹೇಳಿಕಳಿಸೋಣ ಅಂತ ಮಾತಾಯಿತು.

ಆದರೆ ಮೀಸೆ ಬೆಳೆಯುವ ತನಕ ಕಾಯಲು ಪಂಪಿಗೆ ತಿಳಿಯಬೇಕಲ್ಲ? ಮರುದಿನವೇ ಅದು ಕೆಟ್ಟಿತು. ಟೋಪಿ ಕಿವಿಯವರೆಗೆ ಇಳಿಸಿ, ಟಾವೆಲ್ಲು ಬಾಯಿಗೆ ಹಿಡಿದು ಸಾಮಾನು ತರಲು ಊರಿಗೆ ಹೋದರು. ಅಂಗಡಿಯವನ ಜೊತೆ ಚೌಕಾಸಿ ಮಾಡುವಾಗ ಟಾವೆಲ್ಲು ಜಾರಿತು. ಟೋಪಿ ಇದ್ದದ್ದರಿಂದ ತಲೆಯಲ್ಲಿ ಕೂದಲಿದೆ ಅಂತ ಯಾರಿಗೂ ಕಾಣಲಿಲ್ಲ. ಮೀಸೆ ಇಲ್ಲದ್ದು ಎಲ್ಲರಿಗೂ ಕಂಡಿತು. ಅದು ಸಾಲದೆ ಮುಖ ಸೋತಿತ್ತು, ಯಾರು ಮಾತಾಡಿಸಿದರೂ ಉತ್ತರ ಕೊಡದೆ ತಲೆ ಬಗ್ಗಿಸಿ ಬಂದಿದ್ದರು. ತಾಯಿ ಸತ್ತವನ ಲಕ್ಷಣ ಇದಕ್ಕಿಂತ ಬೇರೆ ಏನು ಬೇಕು?

ಸಂಜೆಗೆ ಹಣಮಂತ ಬಂದ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣು ಒರೆಸಿಕೊಂಡ. “ಅಕ್ಕಾರ, ಒಂದ ಮಾತ ಕೇಳ್ತೀನಿ. ಆಯಿ ತೀರಕೊಂಡ್ರೂ ನನಗ ಹೇಳಿಕಳಸಲಿಲ್ಲಲ್ರಿ. ಅಂಗಡಿ ಹಾಕಿದ್ದು ತಪ್ಪ ಅಂತೀನಿ, ಕುರ್ಚಿ ಮಾರತೀನಿ ಬೇಕಾರ. ಆದ್ರ ಅಣ್ಣಾರ ಮೀಸಿಗೆ ಬ್ಯಾರೆಯವನ ಕೈ ಹಚ್ಚಿಸಿದ್ರಲ್ಲಾ.”

“ಬ್ಯಾರೆಯವನ ಕೈ ಅಲ್ಲೋ, ಅವರದ ಕೈ. ಅತ್ತಿ ಗಟ್ಟಿ ಅದಾರ” ಅಂದೆ.

ಹಣಮಂತ ಒಳಗೆ ಕೂತಿದ್ದ ಯಜಮಾನರನ್ನು ಬಗ್ಗಿ ನೋಡಿದ. ಅತ್ತದ್ದಕ್ಕೆ ನಾಚಿಕೆಯಾಯಿತೋ ಏನೋ, ಎದ್ದು ನಿಂತ. “ಹಂಗಂದ್ರ, ಆಯಿ ತೀರಕೊಂಡ್ರಂತ ಅಂಗಡ್ಯಾಗ ಎಲ್ಲಾರಿಗೂ ಹೇಳಿಬಿಟ್ಟೀನಲ್ರಿ ನಾ” ಅಂದ.

ಮರುದಿನ ಮುಂಜಾನೆ ಚಿಂಚಲಿಯಿಂದ ಬೀಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದರು. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನೆಂಟರು ತರುವುದು ಪದ್ಧತಿ. ಮಧ್ಯಾಹ್ನ ಇನ್ನೊಂದು ಬುತ್ತಿ ಬಂತು, ಝುಣಕ ಇತ್ತು, ಚೆನ್ನಾಗಿತ್ತು. ಯಾರೂ ಸತ್ತಿಲ್ಲ ಅಂತ ಹೇಳಿದಾಗ ಒಬ್ಬರ ಮುಖದಲ್ಲೂ ಸಂತೋಷ ಕಾಣಲಿಲ್ಲ. ಕೆಲಸ ಬಿಟ್ಟು ಬಂದಿದ್ದರು, ಬಸ್ಸಿನಲ್ಲಿ ನಿಂತು ಬಂದಿದ್ದರು. ಯಜಮಾನರು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬರದಿದ್ದರೆ ಮಂದಿಗೆ ಅನುಮಾನ ಹೆಚ್ಚು, ಬಂದರೆ ಮೂಗಿನ ಕೆಳಗೆ ಸಾಕ್ಷಿ. ನನಗಂತೂ ಹಾರಿಕೊಳ್ಳಲು ಬಾವಿ ಕಾಣುತ್ತಿತ್ತು.

ನಾನು ಹೆದರಿದ್ದು ಅಲಖನೂರಿಗೆ. ಸುದ್ದಿ ಅಲ್ಲಿಗೂ ಬಸ್ಸು ಹತ್ತಿ ಹೋಗಿತ್ತು. ಹಾರೂಗೇರಿಯ ತೋಟದ ಮನೆಯಲ್ಲಿ ಸಾವಾಗಿದೆ, ಯಜಮಾನ ಮೀಸೆ ತೆಗೆದಿದ್ದಾನೆ, ಮಂದಿ ಬುತ್ತಿ ಒಯ್ಯುತ್ತಿದ್ದಾರೆ. ಇದನ್ನು ಕೇಳಿದ ಅತ್ತೆ ತಮ್ಮಷ್ಟಕ್ಕೆ ಲೆಕ್ಕ ಹಾಕಿದ್ದಾರೆ. ತಾವು ಸತ್ತಿಲ್ಲ, ಅದು ಅವರಿಗೆ ಖಾತ್ರಿ. ಆ ಮನೆಯಲ್ಲಿ ಇರುವವರೇ ಇಬ್ಬರು, ಒಬ್ಬ ಮೀಸೆ ತೆಗೆದವನು. ಉಳಿದವಳು ನಾನು. ಹೆಂಡತಿ ಸತ್ತರೆ ನಮ್ಮಲ್ಲಿ ಯಾರೂ ಮೀಸೆ ತೆಗೆಯುವುದಿಲ್ಲ; ಮಗನಿಗೆ ಅಷ್ಟು ದುಃಖವಾಗಿರಬೇಕು ಅಂದುಕೊಂಡರಂತೆ.

ಬುತ್ತಿ ಬಂದ ಮರುದಿನ ನಾನು ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದೆ. ಅಂಗಳದಿಂದ ಹಾಡಿಕೊಂಡು ಅಳುವ ದನಿ ಬಂತು. ಉಬ್ಬಸಕ್ಕೆ ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಕೈಯ ಸಗಣಿಯಲ್ಲೇ ಓಡಿ ಬಂದು ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ.

“ಬಾಳವ್ವಾ, ನನಗಿಂತ ಮೊದಲ ಹೋದೇನ ನನ್ನವ್ವಾ... ನನ್ನ ಮನಿ ಕಂಬಾ ಮುರೀತಲ್ಲ... ಎಲಿಯಂಥಾ ರೊಟ್ಟಿ ಬಡಿತಿದ್ದೆಲ್ಲ, ಇನ್ಯಾರ ಕೈಯಾಗ ಉಣ್ಣಲಿ... ಒಂದ ದಿನಾ ಎದುರ ಮಾತಾಡಲಿಲ್ಲಲ್ಲ ನನ್ನ ಬಂಗಾರಾ...”

ಎದುರು ಮಾತಾಡಿದ್ದೆ, ಬೇಕಾದಷ್ಟು. ಆದರೆ ತಿದ್ದುವ ಹೊತ್ತಲ್ಲ ಅದು. ತಕ್ಷಣ ಹೊರಗೆ ಹೋಗಿ ನಾನಿದ್ದೇನೆ ಅಂತ ಹೇಳಬೇಕಾಗಿತ್ತು. ಇನ್ನೊಂದೆರಡು ಮಾತು ಬರಲಿ ಅಂತ ನಿಂತೆ. ಮೂವತ್ತು ವರ್ಷದ್ದು ಒಮ್ಮೆಲೇ ಬರುತ್ತಿತ್ತು, ನಡುವೆ ಹೇಗೆ ತಡೆಯಲಿ? ಕೊನೆಗೆ ಉಬ್ಬಸ ಒತ್ತಿ ಬಂದು ದನಿ ನಿಂತಾಗ ಹೊರಗೆ ಹೋದೆ, ನೀರಿನ ತಂಬಿಗೆ ಹಿಡಿದು.

ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಇದ್ದೀ ಏನ?”

“ಇದ್ದೀನ್ರಿ.”

“ಮತ್ತ ಮೊದಲ ಹೇಳಾಕ ಏನಾಗಿತ್ತ? ಬಸ್ಸಿನ್ಯಾಗಿಂದ ಅಳಕೋತ ಬಂದೀನಿ. ಗಂಟಲಾ ಹರದ ಹೋತ.” ತಂಬಿಗೆ ಕಸಿದುಕೊಂಡು ನೀರು ಕುಡಿದರು. ಅಷ್ಟರಲ್ಲಿ ಯಜಮಾನರು ಬಾಗಿಲಿಗೆ ಬಂದಿದ್ದರು. ಅತ್ತೆಯ ಕೈಯಲ್ಲಿ ತಂಬಿಗೆ ನಿಂತಿತು.

“ಹಂಗಾರ ಯಾರ ಸಲುವಾಗಿ ತಗದೀ?” ಅಂದರು.

“ಯಾರ ಸಲುವಾಗೂ ಅಲ್ಲಬೇ. ಸರಿ ಮಾಡಾಕ ಹೋಗಿ ಹಿಂಗಾತ.”

ಅತ್ತೆ ಮಗನನ್ನು ಹತ್ತಿರ ಕರೆದು ಬರಿದಾದ ತುಟಿಯ ಮೇಲೆ ಬೆರಳಾಡಿಸಿದರು. ನಾನು ಹಿಂದೆ ಹೋಗಿ ಬೆನ್ನಿಗೆ ಕೈಕೊಟ್ಟು ನಿಂತೆ, ಬಿದ್ದರೆ ಹಿಡಿಯಲು. ಮುದುಕಿ ಬೀಳಲಿಲ್ಲ. “ಖೋಡಿ, ಈಗ ನಾ ಸತ್ರ ಏನ ತಗಸಂವ ನೀ?” ಅಂದರು. “ತಗಸಾಕ ಮೀಸಿ ಬೇಕಲ್ಲ? ಬೋಳ ಮಾರಿ ಇಟಗೊಂಡು ತಾಯಿಗೆ ಮಣ್ಣ ಹಾಕಾಂವಾ? ಮಂದಿ ಏನಂದಾರು? ಬೆಳೀಲಿ ಮೊದಲ. ಅದ ಬೆಳೆಯೂತನಕಾ ನಾ ಸಾಯಂಗಿಲ್ಲ, ಇಲ್ಲಿಂದ ಏಳಂಗೂ ಇಲ್ಲ.” ಹೇಳಿ, ತಾವು ತಂದಿದ್ದ ಬುತ್ತಿ ಗಂಟನ್ನು ಬಿಚ್ಚಿದರು.

ಸಂಜೆ ನಾನು ಬಿಸಿ ರೊಟ್ಟಿ ಬಡಿದು ಹಾಕಿದೆ. ಅತ್ತೆ ಮುರಿದು, ಬೆಳಕಿಗೆ ಹಿಡಿದು ನೋಡಿದರು. “ಏ ಇಕಿ, ದಪ್ಪ ಆಗೈತಿ” ಅಂದರು. ಎರಡು ತಿಂದರು.

ಮರುದಿನ ಮುಂಜಾನೆ ಯಜಮಾನರು ಡಬ್ಬಿಯನ್ನು ಮೂಲೆಗೆ ತಳ್ಳಿ, ಹಣಮಂತನ ಕುರ್ಚಿಯ ಮೇಲೆಯೇ ಕೂರುವ ಮನಸ್ಸು ಮಾಡಿ ಚಪ್ಪಲಿ ಮೆಟ್ಟುತ್ತಿದ್ದರು. ಅತ್ತೆ ಇನ್ನೂ ಎದ್ದಿರಲಿಲ್ಲ; ಒಳಗಿನಿಂದ ಉಬ್ಬಸದ ಉಸಿರು ಕೇಳುತ್ತಿತ್ತು, ಮೀಸೆ ಬೆಳೆಯುವ ತನಕ ಸಾಯುವುದಿಲ್ಲ ಅಂದ ಮಾತೂ ನನ್ನ ಕಿವಿಯಲ್ಲಿತ್ತು. ನಾನು ಹಿತ್ತಾಳೆ ಬಟ್ಟಲಿಗೆ ಬಿಸಿನೀರು ಹಾಕಿದೆ, ಸೋಪು ಕಡೆದೆ, ಗಿಡಕ್ಕೆ ಮುಖ ಮಾಡಿದ್ದ ಕನ್ನಡಿಯನ್ನು ಈಚೆ ತಿರುವಿದೆ. ಮಶಿನ್ ತಂದು ಯಜಮಾನರ ಕೈಗೆ ಕೊಟ್ಟು, ಮೂಗಿನ ಕೆಳಗೆ ಆಗಲೇ ಕರ್ರಗೆ ಚಿಗುರುತ್ತಿದ್ದ ಜಾಗಕ್ಕೆ ಬೆರಳು ತೋರಿಸಿ, “ಮೊದಲ ಅದನ್ನ ತಗೀರಿ” ಅಂದೆ.