ಐನೂರು ಸೊಂಡಿಲು

ಹೆಡ್‌ಮಾಸ್ತರರಿಗೆ ಪಕ್ಕದ ಮನೆಯ ಎಲೆಗಳ ಮೇಲೆ ಕನಿಕರ ಹುಟ್ಟಿದ್ದೇ ಎಲ್ಲಕ್ಕೂ ಮೂಲ.

ಎಲೆ ಅಂದರೆ ಅಂತರಗಂಗೆಯ ಎಲೆ. ಕೆರೆಯನ್ನು ಈ ದಡದಿಂದ ಆ ದಡದವರೆಗೆ ಮುಚ್ಚಿ, ಮೀನುಗಳ ಉಸಿರು ಕಟ್ಟಿಸಿದ ಕಳೆ. ಕಿತ್ತು ಹಾಕಿದರೆ ಹದಿನೈದೇ ದಿನಕ್ಕೆ ಮತ್ತೆ ಹಾಜರು. ಆ ಕಳೆಯನ್ನೇ ತಿಂದು ಬದುಕುವ ಸೊಂಡಿಲು ಹುಳವನ್ನು ತನ್ನ ತಾರಸಿಯ ತೊಟ್ಟಿಗಳಲ್ಲಿ ಅದೇ ಕಳೆ ಬೆಳೆಸಿ ಎರಡು ವರ್ಷದಿಂದ ಸಾಕುತ್ತಿದ್ದವನು ಕೆರೆ ಇಲಾಖೆಯ ಹಂಗಾಮಿ ಸಹಾಯಕ. ಬೀದಿಯವರ ಬಾಯಲ್ಲಿ ಹುಳಪ್ಪ. ಆ ಹೆಸರಿನಿಂದ ಅವನಿಗೆ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು ಅನ್ನಿ. ಇವತ್ತು ಸಂಜೆ ನಾಲ್ಕಕ್ಕೆ ಐನೂರು ಹುಳ ಕೆರೆಗೆ ಬಿಟ್ಟರೆ ಅವನ ಕೆಲಸ ಕಾಯಂ ಎಂದು ಸಾಹೇಬರು ಮಾತು ಕೊಟ್ಟಿದ್ದರು.

ಬೆಳಿಗ್ಗೆ ತಾರಸಿ ಹತ್ತಿದರೆ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಪಂಪು ಹಿಡಿದು ನಿಂತಿದ್ದಾರೆ.

"ಬಾರಪ್ಪಾ! ನಿನ್ನ ಗಿಡ ನೋಡೋಕಾಗ್ತಿರಲಿಲ್ಲ, ಎಲೆಯೆಲ್ಲಾ ಜರಡಿ. ಸೋಪಿನ ನೀರು ಹೊಡೆದೆ ನೋಡು, ಎಲ್ಲಾ ಹುಳಾನೂ ಖತಂ!"

"ಅಯ್ಯೋ ಸಾರ್, ನಾನು ಸಾಕಿದ್ದು!"

"ಗಿಡ ತಾನೇ?"

"ಹುಳ ಸಾರ್, ಹುಳ!"

ಹುಳಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಸುದ್ದಿ ಬೀದಿಯೆಲ್ಲ ಸುತ್ತಿತು. ಎದುರು ಮನೆಯ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡೇ ಬಂದಳು.

"ಅಳಬೇಡ ಕಣೋ. ನಿನ್ನ ಹುಳ ಹೇಗಿರುತ್ತೆ ಹೇಳು, ಹುಡುಕಿ ಕೊಡ್ತೀವಿ."

"ಸಣ್ಣಗಿರುತ್ತೆ ಚಿಕ್ಕಮ್ಮ. ಮುಂದೆ ಉದ್ದ ಮೂತಿ."

"ಅಷ್ಟೇ ತಾನೇ? ನೀನು ಎದ್ದೇಳು."

ಬೀದಿಗೆ ಬೀದಿಯೇ ಟೊಂಕ ಕಟ್ಟಿತು. ಹುಳಪ್ಪ ತೊಟ್ಟಿಯ ಕೆಸರು, ಚರಂಡಿ, ಬೇರಿನ ಸಂದು ಒಂದನ್ನೂ ಬಿಡದೆ ತಡಕಿದ. ಮೂರು ಗಂಟೆಯ ಹೊತ್ತಿಗೆ ಸಿಕ್ಕಿದ್ದು ಹನ್ನೊಂದು. ಅವನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಕೆಳಗಿಳಿದರೆ, ಚಿಕ್ಕಮ್ಮ ಡಬ್ಬಿ ಹಿಡಿದು ನಿಂತಿದ್ದಳು.

"ಎಣಿಸಿದ್ದೀವಿ. ಐನೂರಾ ಆರು! ಆರು ನಮ್ಮ ಕಡೆಯಿಂದ."

ಅವನು ಡಬ್ಬಿಯನ್ನು ಎದೆಗವಚಿಕೊಂಡ. ಎಂಥಾ ಜನ! ಮುಚ್ಚಳ ತೆಗೆಯಲು ಪುರಸೊತ್ತಿಲ್ಲ, ಹೊರಗೆ ಜೀಪು ಹಾರನ್ ಹೊಡೆಯುತ್ತಿತ್ತು.

ಕೆರೆಯ ದಡದಲ್ಲಿ ಬೀದಿಯವರೆಲ್ಲ ನೆರೆದಿದ್ದರು. ಸಾಹೇಬರು ಭಾಷಣ ಬಿಗಿದು ಡಬ್ಬಿ ಬೋರಲು ಹಾಕಿದರು. ಹುಳಪ್ಪ ಎದೆಯುಬ್ಬಿಸಿ ಬಗ್ಗಿ ನೋಡಿದ. ತನ್ನವು ಬೂದು ಬಣ್ಣದ ಗುಂಡು ಗುಂಡು ಹುಳ. ಇವು ಕಂದು, ಪೀಚಲು. ನಡುವೆ ನಾಲ್ಕು ಗೋಧಿ ಕಾಳು ಬೇರೆ. ಒಂದೂ ಎಲೆಗೆ ಬಾಯಿ ಹಾಕಲಿಲ್ಲ.

"ಚಿಕ್ಕಮ್ಮಾ, ಇವೆಲ್ಲಿ ಸಿಕ್ಕಿದ್ವು?" ಎಂದು ಪಿಸುಗುಟ್ಟಿದ.

"ನಮ್ಮ ಗೋಧಿ ಡಬ್ಬೀಲಿ ಕಣೋ! ಸಾಲದ್ದಕ್ಕೆ ಮಾಸ್ತರರ ಮನೇದು."

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಕಾಯಂ. ಆದರೆ ಎರಡು ವರ್ಷ ಮಕ್ಕಳಂತೆ ಸಾಕಿದವನಿಗೆ ಗೋಧಿ ಹುಳವನ್ನು ತನ್ನದೆನ್ನಲು ನಾಲಿಗೆ ಏಳಲಿಲ್ಲ.

"ಸಾರ್, ಇವು ನನ್ನವಲ್ಲ," ಎಂದು ತಲೆಯೆತ್ತಿಯೇ ಹೇಳಿದ. "ನನ್ನವು ಹನ್ನೊಂದೇ."

"ಮತ್ತೆ ಇಷ್ಟೊಂದು ಯಾರದು?"

"ನಮ್ಮದು!" ಎಂದಿತು ಇಡೀ ಬೀದಿ.

"ಎಷ್ಟು ತಿಂಗಳು ಹಿಡೀತು?"

"ತಿಂಗಳೇ? ಒಂದು ಮಧ್ಯಾಹ್ನ ಸಾಕಾಯ್ತು!" ಎಂದರು ಹೆಡ್‌ಮಾಸ್ತರರು.

"ಸಾರ್, ಅವು ಗೋಧಿ..." ಎಂಬ ಹುಳಪ್ಪನ ಮಾತು ಚಪ್ಪಾಳೆಯಲ್ಲಿ ಮುಳುಗಿತು. ಸಾಹೇಬರು ಅಲ್ಲೇ ಆಜ್ಞೆ ಹೊರಡಿಸಿದರು. ಇನ್ನು ಮುಂದೆ ಹುಳ ಸಾಕಣೆಯ ಮುಖ್ಯಸ್ಥರು ಹೆಡ್‌ಮಾಸ್ತರರು. ಹುಳಪ್ಪ ಅವರ ಕೈಕೆಳಗೆ, ಹಂಗಾಮಿಯಾಗಿಯೇ.

ಎಲ್ಲರೂ ಜೀಪಿನ ಕಡೆ ಹೊರಟಾಗ ಅವನೊಬ್ಬನೇ ನೀರಿಗಿಳಿದು ಬೆಂಕಿಪೊಟ್ಟಣ ತೆರೆದ. ಹನ್ನೊಂದೂ ಸರಸರ ಎಲೆ ಹತ್ತಿ ಮೇಯತೊಡಗಿದವು. ಭೇಷ್ ನನ್ನ ಮಕ್ಕಳೇ ಎಂದುಕೊಂಡ. ಅಷ್ಟರಲ್ಲಿ ಹೆಗಲ ಮೇಲೆ ಹೆಡ್‌ಮಾಸ್ತರರ ಕೈ ಬಿತ್ತು.

"ಬೇಜಾರು ಮಾಡ್ಕೋಬೇಡ, ನಿನ್ನನ್ನ ನಾನು ತಯಾರು ಮಾಡ್ತೀನಿ. ನಾಳೆ ಬರುವಾಗ ಎರಡು ಮೂಟೆ ಗೋಧಿ ಹೊತ್ಕೊಂಡು ಬಾ."