ಡಾಕ್ಟರ್ ಪ್ಯೂ ಬರೆದ ಚೀಟಿ

ಡಾಕ್ಟರ್ ಎಮ್ರಿಸ್ ಪ್ಯೂ ಅವರ ತಲೆ ಕೆಡಿಸಿದ್ದು ಸರ್ಕಾರ ಮತ್ತು ವೈದ್ಯರ ನಡುವಿನ ಹೊಸ ಒಪ್ಪಂದದ ಒಂದೇ ಸಾಲು: ಮುಂದಿನ ವರ್ಷದಿಂದ ಪೂರ್ತಿ ಸಂಬಳ ಬೇಕೆಂದರೆ ಶನಿವಾರವೂ ಕ್ಲಿನಿಕ್ ತೆರೆದಿರಬೇಕು. ವೇಲ್ಸ್‌ನ ಆ ಕಣಿವೆಯ ಊರಿಗೆಲ್ಲ ಅವರೊಬ್ಬರೇ ಫ್ಯಾಮಿಲಿ ಡಾಕ್ಟರು. ಹೆಂಡತಿಯ ಮುಖವನ್ನು ನೆಮ್ಮದಿಯಾಗಿ ನೋಡಲು ಸಿಗುತ್ತಿದ್ದುದೇ ಶನಿವಾರ. ಅದನ್ನೂ ಸರ್ಕಾರಕ್ಕೆ ಧಾರೆಯೆರೆದು ಬಂದಿದ್ದ ವೈದ್ಯರ ಸಂಧಾನಕಾರ ಇಡ್ವಾಲ್ ಮಾರ್ಗನ್ ಕೂಡ ಡಾಕ್ಟರೇ ಎಂಬುದು ಇನ್ನೂ ಉರಿಯುವ ಸಂಗತಿ.

ಆ ಸಂಜೆಯ ವೈದ್ಯರ ಸಂಘದ ಸಭೆಗೆ ಮಾರ್ಗನ್ ಬರುವವನಿದ್ದ. ಅವನ ಮೇಲೆ ಅವಿಶ್ವಾಸ ನಿರ್ಣಯ ಮಂಡಿಸಲು ಪ್ಯೂ ಹಲ್ಲು ಮಸೆಯುತ್ತಿದ್ದರು.

"ಡಾಕ್ಟ್ರೇ, ಅವನ ನೀರಿಳಿಸ್ದೆ ಬರ್ಬೇಡಿ," ಎಂದಳು ಕ್ಲಿನಿಕ್ಕಿನ ಸಹಾಯಕಿ ಗ್ಲೆನಿಸ್. "ಶನಿವಾರ ಬಾ ಅಂದ್ರೆ ನಾನಂತೂ ಬರಲ್ಲ, ಈಗ್ಲೇ ಹೇಳಿದೀನಿ."

ನಾಲ್ಕು ಗಂಟೆಗೆ ಎದೆ ಹಿಡಿದುಕೊಂಡು ಒಳಬಂದ ಕೊನೆಯ ರೋಗಿಯನ್ನು ನೋಡಿ ಪ್ಯೂ ಹೌಹಾರಿದರು. ಸಾಕ್ಷಾತ್ ಮಾರ್ಗನ್! ಸಭೆಗೆ ಬರುವ ದಾರಿಯಲ್ಲಿ ಎದೆ ಡವಡವ ಎಂದದ್ದಕ್ಕೆ ಕಣ್ಣಿಗೆ ಬಿದ್ದ ಕ್ಲಿನಿಕ್ಕಿಗೆ ನುಗ್ಗಿದ್ದ.

ಬೈಗುಳ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ ಮುಂದೆ ಬಂದು ಮಾತಾಡಿತು. "ಕೂತ್ಕೊಳ್ಳಿ. ಯಾವಾಗಿಂದ ಹೀಗೆ?"

"ಸಹಿ ಹಾಕ್ದಾಗಿಂದ. ಸರ್ಕಾರದವ್ರು ದುರಾಸೆ ಮನುಷ್ಯ ಅಂತಾರೆ, ನಮ್ಮೋರು ಮಾರ್ಕೊಂಡ ಅಂತಾರೆ. ನಮ್ಮಕ್ಕನೂ ಡಾಕ್ಟ್ರು, ಫೋನೇ ಎತ್ತಲ್ಲ," ಎಂದು ಮಾರ್ಗನ್ ಗೊಳೋ ಎಂದು ಅತ್ತುಬಿಟ್ಟ.

ಹತ್ತು ನಿಮಿಷದ ಭೇಟಿ ನಲವತ್ತು ನಿಮಿಷವಾಯಿತು. ಹೃದಯ ಗಟ್ಟಿಯಾಗಿತ್ತು, ಮನುಷ್ಯ ಮಾತ್ರ ಹಿಂಡಿದ ಬಟ್ಟೆಯಾಗಿದ್ದ. ಪ್ಯೂಗೆ ನಿಜಕ್ಕೂ ಕರುಳು ಚುರ್ ಎಂದಿತು. ಎರಡು ತಿಂಗಳ ರಜೆಗೆ ಚೀಟಿ ಬರೆದರು. "ಮನೆಗೆ ಹೋಗಿ ಮಲಗಿ. ಸಂಧಾನದ ಮಾತೇ ಎತ್ತಕೂಡದು."

ಸಭೆಯಲ್ಲಿ ಅಧ್ಯಕ್ಷೆ ಬ್ರಾನ್ವೆನ್ ಎದ್ದು ನಿಂತರು. "ಮಾರ್ಗನ್‌ಗೆ ಹುಷಾರಿಲ್ಲ. ರಜೆ ಚೀಟಿ ಕಳ್ಸಿದಾರೆ. ಕಾಯಿಲೆಯೋರ ಮೇಲೆ ಅವಿಶ್ವಾಸ ತರೋಹಾಗಿಲ್ಲ."

"ಯಾವ ದಡ್ಡ ಬರ್ದ ಆ ಚೀಟೀನ?" ಎಂದು ನಲವತ್ತು ಡಾಕ್ಟರುಗಳೂ ಅಬ್ಬರಿಸಿದರು. ರೋಗಿಯ ಗುಟ್ಟು ಬಿಡುವಂತಿಲ್ಲ. ಪ್ಯೂ ಕುರ್ಚಿಯಲ್ಲೇ ಕುಗ್ಗಿದರು.

"ಚೀಟಿ ಜೊತೆ ಪತ್ರಾನೂ ಇದೆ," ಎಂದು ಬ್ರಾನ್ವೆನ್ ಓದಿದರು. "'ನನ್ನ ಜಾಗಕ್ಕೆ, ನನಗೆ ಚೀಟಿ ಬರೆದ ಡಾಕ್ಟರ್ ಪ್ಯೂ ಅವರನ್ನು ಸೂಚಿಸುತ್ತೇನೆ. ನಾನು ಹೇಳಿದ್ದನ್ನು ಬೈಯದೆ ಕೇಳಿದ ಡಾಕ್ಟರ್ ಇವರೊಬ್ಬರೇ.' ಒಪ್ಪಿಗೆ ಇರೋರು ಕೈ ಎತ್ತಿ."

ತನ್ನ ಹೆಸರು ಬರಲಿಲ್ಲವಲ್ಲ ಎಂಬ ಖುಷಿಗೆ ಪ್ರತಿಯೊಬ್ಬರೂ ಕೈಯೆತ್ತಿದರು. "ನೀವೂ ಮಾರ್ಕೊಂಡ್ಬಿಡ್ಬೇಡಿ ಮತ್ತೆ!" ಎಂದು ಹಿಂದಿನಿಂದ ಯಾರೋ ಆಗಲೇ ಕೂಗಿದರು.

ಪ್ಯೂ ಗಾಬರಿಯಿಂದ ಎದ್ದರು. "ಅಯ್ಯೋ, ನಂಗೆಲ್ಲಿ ಪುರುಸೊತ್ತು? ಸೋಮವಾರದಿಂದ ಶುಕ್ರವಾರದ ತನಕ ಕ್ಲಿನಿಕ್ ಇರುತ್ತೆ!"

"ಎಲ್ರಿಗೂ ಇರುತ್ತಲ್ಲ ಡಾಕ್ಟ್ರೇ," ಬ್ರಾನ್ವೆನ್ ಅಕ್ಕರೆಯಿಂದ ಹೇಳಿದರು. "ಅದಕ್ಕೇ ಸರ್ಕಾರದ ಜೊತೆ ಮಾತುಕತೆ ಇಟ್ಕೊಳ್ಳೋದೇ ಶನಿವಾರ."