ಗೋಡೆ ಮೇಲಿನ ಎಂ.ಎಸ್ಸಿ.

ಹದಿನೆಂಟು ವರ್ಷ ಮುಚ್ಚಿಟ್ಟ ಸಂಗತಿಯನ್ನು ಪೋಸ್ಟ್‌ಮ್ಯಾನ್ ಒಂದು ಕಂದು ಲಕೋಟೆಯಲ್ಲಿ ತಂದು ನೇರ ಹೆಂಡತಿಯ ಕೈಗೆ ಕೊಟ್ಟರೆ ಯಾವ ಗಂಡಸಿಗೆ ತಾನೆ ಸಿಟ್ಟು ಬರುವುದಿಲ್ಲ? ತಮಿಳುನಾಡಿನ ಉತ್ತಮಪಾಳಯದ, ಕನ್ನಡ ಮನೆಮಾತಿನ ಮೇಷ್ಟರಾದ ಎಳಿಲ್ ವಾಧ್ಯಾರಿಗೂ ಬಂತು. ಮೊದಲು ಲಕೋಟೆಯ ಮೇಲೆ ಬಂತು, ಆಮೇಲೆ ಗಣಿತಶಾಸ್ತ್ರದ ಮೇಲೆ ಬಂತು, ಕೊನೆಗೆ ಹೆಂಡತಿಯ ಮೇಲೆ ಬರಬೇಕೆಂದು ಹೊರಟು, ಅವಳ ಮುಖ ನೋಡಿ ಅರ್ಧ ದಾರಿಯಲ್ಲೇ ಹಿಂತಿರುಗಿತು.

"ಇದೇನ್ ಮಾಮಾ ಇದು?" ಎಂದಳು ಅಮುದಾ. (ಅವಳು ಎಳಿಲ್‌ನ ಸ್ವಂತ ಸೋದರತ್ತೆಯ ಮಗಳು. ಲಂಗ ಹಾಕುವ ವಯಸ್ಸಿನಿಂದಲೂ ಅವನನ್ನು ಮಾಮಾ ಎಂದೇ ಕರೆದವಳು. ಆಗ ಆ ಪದದಲ್ಲಿ ಮರ್ಯಾದೆ ಇರುತ್ತಿತ್ತು.) "ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಎರಡು ಪೇಪರು ನೀವಿನ್ನೂ ಪಾಸಾಗಿಲ್ವಂತೆ. ಹಳೇ ಸಿಲಬಸ್‌ನೋರಿಗೆ ಇದೇ ಕಡೇ ಚಾನ್ಸಂತೆ. ದಿಂಡಿಗಲ್ಲಾಗೆ ಪರೀಕ್ಷೆಯಂತೆ. ಅಂಗಾರೆ ಗೇಟು ಪಕ್ಕ ಗೋಡೆ ಮೇಲೆ ಬರ್ಸಿರೋದು ಏನು?"

ಗೋಡೆಯ ಮೇಲೆ ನೀಲಿ ಚೌಕದೊಳಗೆ ದಪ್ಪ ತಮಿಳಕ್ಷರದಲ್ಲಿ ಎರಡು ಸಾಲಿದ್ದವು. ಮೇಲೆ 'ಎಳಿಲ್'. ಕೆಳಗೆ 'ಎಂ.ಎಸ್ಸಿ., ಗಣಿತ'. ಮೇಲಿನ ಸಾಲು ಪೂರ್ತಿ ನಿಜ. ಕೆಳಗಿನ ಸಾಲಿನಲ್ಲಿ 'ಗಣಿತ' ಎಂಬುದು ನಿಜ.

"ಅದು... ಆಲ್‌ಮೋಸ್ಟ್ ಎಂ.ಎಸ್ಸಿ.," ಎಂದ ಎಳಿಲ್. "ಮದುವೆ ಪತ್ರಿಕೆ ಪ್ರೆಸ್ಸಿಗೆ ಓಗೋ ಒತ್ನಾಗೆ ಎರಡೇ ಪೇಪರು ಉಳಿದಿತ್ತು. ಆರು ತಿಂಗಳಾಗೆ ಮುಗಿಸ್ಬಿಡಾಣ ಅಂತಿದ್ದೆ."

"ಯಾವ ಆರು ತಿಂಗಳು ಮಾಮಾ?"

ಎಳಿಲ್ ಲಕೋಟೆಯನ್ನು ಅವಳ ಕೈಯಿಂದ ತೆಗೆದು ಮಡಚಿ ಜೇಬಿಗಿಟ್ಟ. ಪಾಠ ಹೇಳುವ ಶಾಲೆಯಲ್ಲಿ ಅವನು ಬಿ.ಎಸ್ಸಿ., ಬಿ.ಎಡ್. ಎಂದೇ ಸತ್ಯ ಹೇಳಿ ಸೇರಿದ್ದ. ಸುಳ್ಳು ಹೇಳಿದ್ದು ಬೀಗರಿಗೆ ಮಾತ್ರ. ಆದರೆ ಆ ಸುಳ್ಳಿನ ಬೆಲೆ ಸಣ್ಣದಲ್ಲ. ಕೊಂಬೈನ ಮಾರಿಯಮ್ಮಾಳ್ ಅತ್ತೆ, ದ್ರಾಕ್ಷಿ ತೋಟವಿದ್ದ ಇನ್ನೊಬ್ಬ ಅಣ್ಣನ ಮಗನನ್ನು ಬಿಟ್ಟು, ಆ ಮೂರಕ್ಷರಕ್ಕೆ ಮರುಳಾಗಿ ಇವನಿಗೆ ಮಗಳನ್ನು ಕೊಟ್ಟಿದ್ದಳು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬಿ.ಎಸ್ಸಿ. ಗಣಿತದಲ್ಲಿ ಕಾಲೇಜಿಗೇ ಮೊದಲು ಬಂದಿದ್ದ ಅಮುದಾಗೆ ಮದುವೆಯ ತಿಂಗಳಲ್ಲೇ ದಿಂಡಿಗಲ್ಲಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಆಗ ಮದುಮಗ ಎಳಿಲ್, ಹೊಸ ರೇಷ್ಮೆ ಪಂಚೆಯನ್ನು ಮೇಲಕ್ಕೆತ್ತಿ ಕಟ್ಟುತ್ತಾ, ಬಹಳ ಗಂಭೀರವಾಗಿ ಅಪ್ಪಣೆ ಕೊಡಿಸಿದ್ದ: "ಒಂದು ಮನೆಗೆ ಒಂದು ಎಂ.ಎಸ್ಸಿ. ಸಾಕು."

ಅಮುದಾ ಆ ಮಾತನ್ನು ಮರೆತಿರಲಿಲ್ಲ. ಈಗಲೂ ಅದನ್ನು ಎತ್ತಲಿಲ್ಲ. ಎತ್ತಿದ್ದರೆ ಎಳಿಲ್‌ಗೆ ಎಷ್ಟೋ ನಿರಾಳವಾಗುತ್ತಿತ್ತು.

"ಅವ್ವಂಗೆ ನಾ ಯೋಳಲ್ಲ," ಎಂದಳು. "ಆದ್ರೆ ಪಾಸಾಗ್ಬೇಕು."

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ, ಬೊಜ್ಜು, ಕನ್ನಡಕ, ಬೆನ್ನುನೋವುಗಳ ಸಮೇತ ಎಳಿಲ್ ವಿದ್ಯಾರ್ಥಿದೆಸೆಗೆ ಮರಳಿದ. ಅಟ್ಟದಿಂದ ಇಳಿಸಿದ ಪುಸ್ತಕಗಳಲ್ಲಿ ಅರ್ಧ ಗೆದ್ದಲಿಗೆ ಸಂದಿತ್ತು. ಉಳಿದರ್ಧ ಗೆದ್ದಲಿಗೂ ಬೇಡವಾಗಿತ್ತು. 'ನೀನು ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಡು, ಅದಕ್ಕೆ ತಕ್ಕ ಡೆಲ್ಟಾ ನಾನು ಹುಡುಕಿಕೊಡುತ್ತೇನೆ' ಎಂಬ ಕರಾರಿನ ಮೇಲೆ ಆ ರಿಯಲ್ ಅನಾಲಿಸಿಸ್ ಎಂಬ ಶಾಸ್ತ್ರವೆಲ್ಲ ನಿಂತಿತ್ತು. ಹೆಂಡತಿ ಎಷ್ಟೇ ಸಣ್ಣ ತಪ್ಪು ತೋರಿಸಿದರೂ ತಕ್ಕ ಸಮಜಾಯಿಷಿ ಹುಡುಕುತ್ತಾ ಹದಿನೆಂಟು ವರ್ಷ ಸಂಸಾರ ಮಾಡಿದವನಿಗೆ ಇದು ತಲೆಗೆ ಹತ್ತಬಾರದೆಂದರೆ!

ಸಾಲದ್ದಕ್ಕೆ ಅದೇ ವಾರ ಅತ್ತೆ ಬಂದಿಳಿದಳು. ಅವಳ ಮಗ ಜೆಯಕುಮಾರ್‌ಗೆ ಎಳಿಲ್‌ನ ತಂಗಿಯನ್ನೇ ಕೊಟ್ಟಿತ್ತು. ಅವರ ಕೂಸಿಗೆ ಕಿವಿ ಚುಚ್ಚುವ ಶಾಸ್ತ್ರ. ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕಾದವನು ತಾಯ್‌ಮಾಮನ್, ಅಂದರೆ ಸೋದರಮಾವ ಎಳಿಲ್. ಪತ್ರಿಕೆಯಲ್ಲಿ ಅವನ ಹೆಸರು ದಪ್ಪಕ್ಷರದಲ್ಲಿ, ಡಿಗ್ರಿ ಸಮೇತ ಅಚ್ಚಾಗಬೇಕು.

"ಎಂ.ಎಸ್ಸಿ. ಅಂತ ಎದ್ದು ಕಾಣ್ಬೇಕು ಮಾಪ್ಳೆ," ಎಂದಳು ಅತ್ತೆ ಅಳಿಯನಿಗೆ. "ನಮ್ ಜನದಾಗೆ ಲೆಕ್ಕದಾಗೆ ಅಷ್ಟು ಓದ್ದೋರು ಬ್ಯಾರೆ ಯಾರವ್ರೆ?"

ಎಳಿಲ್ ಕೆಮ್ಮಿದ. ಮಕ್ಕಳ ಪೇಪರ್ ತಿದ್ದುವುದಿದೆ ಎಂದು ಹೇಳಿ ಹಿತ್ತಲ ಜಗುಲಿಗೆ ಓಡಿದ. ಅಲ್ಲಿ ಅವನು ತಲೆ ಕೆರೆದುಕೊಳ್ಳುವುದನ್ನೂ, ಪೆನ್ನು ಕಚ್ಚುವುದನ್ನೂ, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುವುದನ್ನೂ ಅತ್ತೆ ಕಿಟಕಿಯಿಂದ ನೋಡಿದಳು. "ಪಾವಂ ಕಣೆ," ಎಂದಳು ಮಗಳಿಗೆ. "ವಾಧ್ಯಾರೇ ಅಳೋ ಅಂಗೆ ಅದೇನ್ ಬರ್ದವ್ರೆ ಆ ಮಕ್ಕಳು?"

ಅಮುದಾ ಕಾಫಿ ಹಿಡಿದು ಜಗುಲಿಗೆ ಬಂದು ಪುಸ್ತಕದೊಳಗೆ ಇಣುಕಿದಳು. ಯೂನಿಫಾರ್ಮ್ ಕಂಟಿನ್ಯೂಯಿಟಿ ಎಂಬ ಪಾಠ.

"ಇದು ಸುಲಭ ಮಾಮಾ. ಸುಮ್ಮಾ ಕಂಟಿನ್ಯೂಯಸ್ ಅಂದ್ರೆ ಒಂದೊಂದು ಜಾಗಕ್ಕೆ ಒಂದೊಂದು ಡೆಲ್ಟಾ. ನಿಮ್ ಲೋಟಕ್ಕೆ ಎರಡು ಚಮಚ ಸಕ್ಕರೆ, ಅವ್ವನ ಲೋಟಕ್ಕೆ ಅರೆ ಚಮಚ. ಯೂನಿಫಾರ್ಮ್ ಅಂದ್ರೆ ಮನೆಗೆಲ್ಲಾ ಒಂದೇ ಅಳತೆ, ಯಾರ ಲೋಟಕ್ಕೂ ಒಗ್ಗಬೇಕು. ಎಲ್ಲಾ ಕಡೆ ಅಂಥ ಅಳತೆ ಸಿಕ್ಕಲ್ಲ. ಆದ್ರೆ ಎರಡು ತುದೀನೂ ಸೇರ್ಸಿ ಮುಚ್ಚಿರೋ ಇಂಟರ್ವಲ್‌ನಾಗೆ ಸಿಕ್ಕೇ ಸಿಕ್ತದೆ. ಯಾಕೆ ಅಂದ್ರೆ—"

"ನಿಲ್ಸು, ನಿಲ್ಸು!" ಎಳಿಲ್‌ನ ಪಿತ್ತ ನೆತ್ತಿಗೇರಿತು. "ಬಿ.ಎಸ್ಸಿ. ಬಂದು ಎಂ.ಎಸ್ಸಿ.ಗೆ ಪಾಠ ಯೋಳೋದಾ? ಕಾಫಿ ಇಟ್ಟು ಓಗು."

"ಸದ್ಯಕ್ಕೆ ನೀವೂ ಬಿ.ಎಸ್ಸಿ. ತಾನೆ ಮಾಮಾ," ಎಂದು ಲೋಟ ಇಟ್ಟು ಹೋದಳು. ಆ ದಿನ ಕಾಫಿಗೆ ಸಕ್ಕರೆಯೇ ಇರಲಿಲ್ಲ.

ಆಲ್ಜೀಬ್ರಾದ ಕಥೆ ಇನ್ನೂ ಕಷ್ಟದ್ದು. ಒಂದು ಲೆಕ್ಕ ಮೂರು ದಿನದಿಂದ ಅವನನ್ನು ಸತಾಯಿಸುತ್ತಿತ್ತು. ಒಂದು ಗ್ರೂಪಿನೊಳಗೆ ಒಂದು ಸಬ್‌ಗ್ರೂಪ್. ಅದನ್ನು ಎಡಗಡೆಯಿಂದ ಗುಣಿಸುತ್ತಾ ಹೋದರೆ ಇಡೀ ಗ್ರೂಪು ಎರಡೇ ಪಾಲಾಗುತ್ತದೆ. ಬಲಗಡೆಯಿಂದ ಗುಣಿಸಿದರೂ ಎರಡೇ ಪಾಲು. ಎಡದ ಪಾಲುಗಳೂ ಬಲದ ಪಾಲುಗಳೂ ಒಂದೇ ಎಂದು ಸಾಧಿಸಬೇಕು. ಎಳಿಲ್ ಆರು ಹಾಳೆ ಗುಣಿಸಿದ. ಎಡ ಬಲವಾಯಿತು, ಬಲ ಎಡವಾಯಿತು, ಸಾಧನೆ ಮಾತ್ರ ಆಗಲಿಲ್ಲ.

ಒಳಗಿನಿಂದ ಅತ್ತೆ, ಮಗಳ ಗಲಾಟೆ ಬೇರೆ. ಯಾರ್‍ಯಾರಿಗೆ ಪತ್ರಿಕೆ ಕೊಡಬೇಕೆಂದು ಪಟ್ಟಿ ನಡೆದಿತ್ತು. ಅಪ್ಪನ ಕಡೆಯಿಂದ ಎಣಿಸಬೇಕೋ, ಅವ್ವನ ಕಡೆಯಿಂದ ಎಣಿಸಬೇಕೋ ಎಂಬುದು ಅಮುದಾಳ ಪ್ರಶ್ನೆ.

"ಯಾ ಕಡೆಯಿಂದ ಬಂದ್ರೆ ಏನೇ?" ಅತ್ತೆಯ ಸ್ವರ ಬಾವಿಕಟ್ಟೆಯವರೆಗೂ ಕೇಳುವಂಥದು. "ನಮ್ ಜನದಾಗೆ ಇರೋದೇ ಎರಡು ಪಾಲು. ಒಂದೇ ಕುಲದೋನು ಪಂಗಾಳಿ, ಎಣ್ಣು ಕೊಟ್ಟು ತರೋನು ಮಾಮನ್-ಮಚ್ಚಾನ್. ಈ ಕಡೆಯಿಂದ ಎಣಿಸು, ಆ ಕಡೆಯಿಂದ ಎಣಿಸು, ಪಂಗಾಳಿ ಪಂಗಾಳೀನೇ ತಾನೆ? ಮಿಕ್ಕೋನು ಎಲ್ಲಿಗೆ ಓದಾನು? ಇರೋದೊಂದೇ ಪಾಲು, ಅದ್ರಾಗೇ ಬೀಳ್ಬೇಕು!"

ಆಮೇಲೆ ಕಿಟಕಿಯಲ್ಲಿ ಅಮುದಾಳ ಮುಖ ಕಾಣಿಸಿಕೊಂಡಿತು. ಕಣ್ಣು ಹೊಳೆಯುತ್ತಿತ್ತು. "ಕೇಳಿದ್ರಾ ಮಾಮಾ?"

"ಕಿವಿ ತೂತಾಗೋ ಅಂಗೆ ಕೇಳಿಸ್ತು!" ಎಂದು ಎಳಿಲ್ ಕಿಟಕಿ ಮುಚ್ಚಿದ. ಪ್ರಾಣ ಹೋಗುವ ಹೊತ್ತಿನಲ್ಲಿ ಪಂಗಾಳಿಗಳನ್ನು ಕಟ್ಟಿಕೊಂಡು ಏನಾಗಬೇಕು?

ಪರೀಕ್ಷೆಗೆ ದಿಂಡಿಗಲ್ಲಿಗೆ ಅಮುದಾಳೂ ಬಸ್ಸು ಹತ್ತಿದಳು, ಮೊಸರನ್ನ, ನೀರಿನ ಬಾಟಲಿ ಸಮೇತ. (ಅತ್ತೆಗೆ ಹೇಳಿದ್ದು ಶಾಲೆಯ ಟ್ರೈನಿಂಗ್ ಎಂದು.) ಮೊದಲ ದಿನ ಆಲ್ಜೀಬ್ರಾ. ಎಳಿಲ್ ಪ್ರಶ್ನೆಪತ್ರಿಕೆ ತೆರೆದ. ಮೂರನೆಯ ಪ್ರಶ್ನೆ ಅದೇ ಎಡ-ಬಲದ ಲೆಕ್ಕ. ಸುತ್ತಲೂ ಹೊಸ ಸಿಲಬಸ್‌ನ ಇಪ್ಪತ್ತೆರಡರ ಹುಡುಗಿಯರು ಸರಸರ ಬರೆಯುತ್ತಿದ್ದರು. ಎಳಿಲ್ ಕಣ್ಣು ಮುಚ್ಚಿ ಕುಲದೈವವನ್ನು ನೆನೆದ. ಕುಲದೈವ ಬರಲಿಲ್ಲ, ಕಿವಿಯಲ್ಲಿ ಅತ್ತೆಯ ಸ್ವರ ಬಂತು. ಮಿಕ್ಕೋನು ಎಲ್ಲಿಗೆ ಓದಾನು?

ಅಯ್ಯೋ, ಅಷ್ಟೇ ತಾನೆ! ಎಡದಿಂದ ಬಂದರೂ ಬಲದಿಂದ ಬಂದರೂ ಒಂದು ಪಾಲು ಆ ಸಬ್‌ಗ್ರೂಪೇ. ಉಳಿದಿರುವುದು ಒಂದೇ ಪಾಲು, ಮಿಕ್ಕದ್ದೆಲ್ಲ ಅದರಲ್ಲೇ. ಎಡವೂ ಅದೇ, ಬಲವೂ ಅದೇ. ನಾಲ್ಕು ಸಾಲಿನಲ್ಲಿ ಮುಗಿಯಿತು. ಆರು ಹಾಳೆ ಹಾಳು ಮಾಡಿದ್ದನ್ನು ನೆನೆದು ಎಳಿಲ್‌ಗೆ ತನ್ನ ಮೇಲೇ ಕೆಟ್ಟ ಕೋಪ ಬಂತು.

ಮರುದಿನ ರಿಯಲ್ ಅನಾಲಿಸಿಸ್. ಮುಚ್ಚಿದ ಇಂಟರ್ವಲ್ ಮೇಲೆ ಕಂಟಿನ್ಯೂಯಸ್ ಆದದ್ದು ಯೂನಿಫಾರ್ಮ್ ಆಗಿಯೂ ಕಂಟಿನ್ಯೂಯಸ್ ಎಂದು ಸಾಧಿಸಿ. ಎಳಿಲ್‌ಗೆ ಲೋಟ ನೆನಪಾಯಿತು, ಚಮಚ ನೆನಪಾಯಿತು, ಅತ್ತೆಯ ಅರೆ ಚಮಚವೂ ನೆನಪಾಯಿತು. 'ಯಾಕೆ ಅಂದ್ರೆ' ಎಂಬಲ್ಲಿಗೆ ಬಂದು ನೆನಪು ಗಕ್ಕನೆ ನಿಂತಿತು. ಅಲ್ಲಿಂದ ಮುಂದಕ್ಕೆ ಅವಳನ್ನು ಮಾತಾಡಲು ಬಿಟ್ಟಿದ್ದರೆ ತಾನೆ!

ಫಲಿತಾಂಶ ಬಂದ ದಿನ ಭಾನುವಾರ. ಅತ್ತೆ ಕೊಂಬೈಯಿಂದ ಅಚ್ಚಾದ ಪತ್ರಿಕೆಗಳ ಕಟ್ಟು ಹೊತ್ತು ಬಂದು ನಡುಮನೆಯಲ್ಲಿ ಅರಿಶಿನ ಹಚ್ಚುತ್ತಾ ಕೂತಿದ್ದಳು. ಮೂಲೆಯಲ್ಲಿ ಎಳಿಲ್ ಮೊಬೈಲ್ ಹಿಡಿದು ಬೆವರುತ್ತಿದ್ದ. ಪುಟ ಇಂಚಿಂಚಾಗಿ ತೆರೆದುಕೊಂಡಿತು. ಆಲ್ಜೀಬ್ರಾ, ಐವತ್ತು, ಪಾಸ್. ಪಾಸಾಗಲು ಬೇಕಾದದ್ದೂ ಐವತ್ತೇ.

"ಅತ್ತೇ!" ಎಳಿಲ್ ಚಂಗನೆ ನೆಗೆದ. "ಆಲ್ಜೀಬ್ರಾ ಪಾಸ್! ನಿಮ್ಮಿಂದಾನೇ ಅತ್ತೆ! ಪಂಗಾಳಿ ಲೆಕ್ಕದಿಂದಾನೇ!"

"ಯಾರು ಪಾಸು ಮಾಪ್ಳೆ?"

"ನಾನೇ ಅತ್ತೆ!"

ಅತ್ತೆಯ ಅರಿಶಿನದ ಬೆರಳು ಗಾಳಿಯಲ್ಲೇ ನಿಂತಿತು. "ನೀ ಪಾಸಾಗಿ ಹದಿನೆಂಟು ವರ್ಷ ಆತು ತಾನೆ?"

ಅಮುದಾ ಅಡುಗೆಮನೆಯ ಬಾಗಿಲಲ್ಲಿ ತಲೆ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಪುಟದ ಉಳಿದ ಭಾಗವೂ ತೆರೆದುಕೊಂಡಿತು. ರಿಯಲ್ ಅನಾಲಿಸಿಸ್, ಮೂವತ್ತೊಂದು, ಫೇಲ್.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಎಳಿಲ್ ಎಲ್ಲವನ್ನೂ ಹೇಳಿದ. ಅತ್ತೆ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ, ಸೆರಗಿನಿಂದ ಕೈ ಒರೆಸಿಕೊಂಡು ಮಗಳತ್ತ ತಿರುಗಿದಳು.

"ಆ ಮೂರಕ್ಷರ ನೋಡಿ ತಾನೆ ಕಣೇ ನಿನ್ ಓದು ನಿಲ್ಲಿಸ್ದೆ ನಾನು," ಎಂದಳು. ಬಾವಿಕಟ್ಟೆಗೆ ಕೇಳುವ ಸ್ವರ ಈಗ ಪಕ್ಕದವರಿಗೂ ಕೇಳುವಂತಿರಲಿಲ್ಲ. "ತಪ್ಪು ಮಾಡ್ಬಿಟ್ಟೆ."

"ಅರ್ಜಿ ಹಾಕಿವ್ನಿ ಅವ್ವಾ," ಎಂದಳು ಅಮುದಾ. "ಮಾಮಾ ಒಳಗೆ ಪರೀಕ್ಷೆ ಬರೀವಾಗ ಹೊರಗೆ ಸುಮ್ಮಾ ಕೂತಿರಕ್ಕೆ ಆಗ್ಲಿಲ್ಲ. ಎಂ.ಎಸ್ಸಿ.ಗೆ. ಮೊನ್ನೆ ಸೀಟು ಬಂತು."

ಎಳಿಲ್ ಬಾಯಿ ತೆರೆದ. ಅತ್ತೆ ಅವನ ಕೈಗೆ ಪೆನ್ನನ್ನೂ ಮುನ್ನೂರು ಪತ್ರಿಕೆಗಳನ್ನೂ ಕೊಟ್ಟಳು. ಪ್ರತಿಯೊಂದರಲ್ಲೂ ತನ್ನ ಎಂ.ಎಸ್ಸಿ.ಯನ್ನು ಅವನೇ ಹೊಡೆದುಹಾಕಬೇಕು. ಕೈ ನೋಯುವಷ್ಟರಲ್ಲಿ ಅದೂ ಮುಗಿಯಿತು.

ಮರುದಿನ ಸಂಜೆ ಶಾಲೆಯಿಂದ ಬಂದಾಗ ಗೇಟಿನ ಪಕ್ಕ ಪೇಂಟರ್ ಪಾಂಡಿ ಏಣಿ ಹಾಕಿದ್ದ. ಆಯಿತು, ಎಂ.ಎಸ್ಸಿ. ಅಳಿಸಲಿ ಎಂದು ಮನಸ್ಸು ಕಲ್ಲು ಮಾಡಿಕೊಂಡು ಎಳಿಲ್ ತಲೆಯೆತ್ತಿ ನೋಡಿದ. ಎಂ.ಎಸ್ಸಿ. ಅಲುಗದೆ ಇದ್ದಲ್ಲೇ ಇತ್ತು. ಹೋದದ್ದು ಮೇಲಿನ ಸಾಲು. ಅಲ್ಲಿ ಹಸಿ ಬಣ್ಣದಲ್ಲಿ 'ಅಮುದಾ' ಎಂದಿತ್ತು.

"ಏನತ್ತೆ ಇದು ಅನ್ಯಾಯ!" ಎಳಿಲ್ ಬೀದಿಯೆಂದೂ ನೋಡದೆ ಕೂಗಿದ. "ಅವಳಿನ್ನೂ ಕಾಲೇಜಿಗೇ ಓಗಿಲ್ಲ! ಪಾಸಾಗ್ದೆ ಗೋಡೆ ಮೇಲೆ ಎಂ.ಎಸ್ಸಿ. ಅಂತ ಬರ್ಸೋದು ಮೋಸ ಅಲ್ವಾ?"

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಎದುರುಮನೆಯ ರಂಗಮ್ಮಾಳ್‌ಗೂ ಕೇಳಿಸಿರಬೇಕು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

"ನಿನ್ ಎಸರಿನ ಕೆಳಗೆ ಹದಿನೆಂಟು ವರ್ಷ ಇತ್ತು ಮಾಪ್ಳೆ," ಎಂದಳು ಅತ್ತೆ. "ನನ್ ಮಗಳ ಎಸರಿನ ಕೆಳಗೆ ಎರಡು ವರ್ಷ ಇರ್ಲಿ. ಅಷ್ಟ್ರಾಗೆ ಅವಳು ನಿಜ ಮಾಡ್ತಾಳೆ."

"ವಾಧ್ಯಾರೇ," ಪಾಂಡಿ ಏಣಿಯ ಮೇಲಿಂದ ಬಾಗಿದ. "ಕೆಳಗೆ ಇಷ್ಟು ಜಾಗ ಇದೆ. ನಿಮ್ಮ ಹೆಸರೂ ಹಾಕಲಾ? ಬಿ.ಎಸ್ಸಿ. ಅಂತ?"

ಅಷ್ಟರಲ್ಲಿ ಒಳಗಿನಿಂದ ಅಮುದಾ ಕೂಗಿದಳು.

"ಬ್ಯಾಡ ಬಿಡಿ ಪಾಂಡಿ ಅಣ್ಣಾ, ಒಂದು ಮನೆಗೆ ಒಂದು ಡಿಗ್ರಿ ಸಾಕು. ಮಾಮಾ, ಒಲೆ ಮೇಲೆ ಹಾಲಿಟ್ಟಿವ್ನಿ. ಮೂರು ಲೋಟ ಕಾಫಿ ಮಾಡಿ ತನ್ನಿ, ನನ್ಗೆ ಓದೋದಿದೆ."

ಎಳಿಲ್ ಚೀಲ ಇಟ್ಟು ಅಡುಗೆಮನೆಗೆ ಹೋದ. ಸಕ್ಕರೆ ಡಬ್ಬಿ ತೆರೆದು, ಒಂದೇ ಅಳತೆ ಮೂವರಿಗೂ ಒಗ್ಗುತ್ತದೋ ಇಲ್ಲವೋ ಎಂದು ಚಮಚ ಹಿಡಿದು ಯೋಚಿಸುತ್ತಾ ನಿಂತಿರುವಷ್ಟರಲ್ಲಿ ಹಾಲು ಉಕ್ಕಿತು.